ಒಂದು ಮುಚ್ಚಿಗೆಗೆ ಎಷ್ಟು ಕಿಲೋಮೀಟರ್?

ಸೈಕಲ್ ತುಳಿದು ಎಳೆಯ ಸಂಗೀತಗಾರರಿಗೆ ದುಡ್ಡು ಕೂಡಿಸುವ ಕೆಲಸದಲ್ಲಿ ಸೈಕಲ್ಲಿನ ಪಾಲು ಕಾಲು ಭಾಗ ಅಂದುಕೊಳ್ಳಿ. ಹತ್ತು ವಾರ ತಯಾರಿ ಮಾಡಿಕೊಂಡರೆ ಆರೋಗ್ಯವಾಗಿರುವ ಯಾರು ಬೇಕಾದರೂ ನೂರು ಕಿಲೋಮೀಟರ್ ಮುಗಿಸಬಹುದು. ತೊಡಕಿರುವುದು ಎರಡು ತುದಿಗಳಲ್ಲಿ. ಹೊರಡುವ ಮೊದಲು ಯಾವ ಮಗುವಿನ ವಾದ್ಯಕ್ಕೆ ಏನಾಗಬೇಕು ಅಂತ ಗೊತ್ತಿರಬೇಕು. ಬಂದ ಮೇಲೆ, ಜನ ಕಿಲೋಮೀಟರಿಗೆ ಇಷ್ಟು ಕೊಡುತ್ತೇವೆ ಅಂತ ಬಾಯಲ್ಲಿ ಒಪ್ಪಿದ ದುಡ್ಡು ಕೈಗೆ ಬರಬೇಕು, ಬಂದದ್ದು ತಂತಿ, ಚರ್ಮ, ಮೇಣವಾಗಿ ಆ ಮಗುವನ್ನು ಮುಟ್ಟಬೇಕು. ಈ ಎರಡು ತುದಿ ಕಟ್ಟದೆ ನಡುವಿನ ರಸ್ತೆಯನ್ನಷ್ಟೇ ಯೋಚಿಸಿದವರು ಟೀ-ಶರ್ಟು ಹಂಚಿ, ಫೋಟೊ ಹಿಡಿಸಿಕೊಂಡು ಮನೆಗೆ ಹೋಗುತ್ತಾರೆ.

ನಾವು ಹಿಡಿದದ್ದು ಮೈಸೂರಿನಿಂದ ತಿ. ನರಸೀಪುರ, ಸೋಮನಾಥಪುರ, ಬನ್ನೂರು, ಅರಕೆರೆ, ಶ್ರೀರಂಗಪಟ್ಟಣ ಹಾದು ಮತ್ತೆ ಮೈಸೂರಿಗೆ ಬರುವ ಸುತ್ತು. ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರ್. ಶ್ರೀರಂಗಪಟ್ಟಣದಲ್ಲಿ ಸಂಗಮದವರೆಗೆ ಹೋಗಿ ಬಂದರೆ ನೂರರ ಹತ್ತಿರ ಬರುತ್ತದೆ. ಈ ದಾರಿಯಲ್ಲಿ ಸಂಗಮ ಎರಡು: ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುವುದು ಒಂದು, ಶ್ರೀರಂಗಪಟ್ಟಣದಲ್ಲಿ ಕಾವೇರಿಯದೇ ಎರಡು ಕವಲು ಕೂಡುವುದು ಇನ್ನೊಂದು. ಮೊದಲನೆಯ ಸಂಗಮದ ತಿರುಮಕೂಡಲಿನಲ್ಲೇ ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಿಸಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿದವರು ಅವರು. ಸಂಗೀತದ ಮಕ್ಕಳಿಗಾಗಿ ತುಳಿಯುವ ದಾರಿ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಮೊದಲು ವಾದ್ಯ, ಆಮೇಲೆ ಸೈಕಲ್

ದಾನಿಗಳಿಗೆ "ಬಡ ಮಗುವಿಗೆ ಹೊಸ ವೀಣೆ" ಅನ್ನುವ ಮಾತು ಬೇಗ ಹಿಡಿಸುತ್ತದೆ. ಪಾಠ ಹೇಳುವವರನ್ನು ಕೇಳಿದರೆ ಬೇರೆಯೇ ಪಟ್ಟಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ವಾದ್ಯ ಇರುತ್ತದೆ, ನುಡಿಯುವ ಸ್ಥಿತಿಯಲ್ಲಿರುವುದಿಲ್ಲ. ಅದನ್ನು ರಿಪೇರಿ ಮಾಡಿಸಲು ದುಡ್ಡು ಕೊಡುವವರು ಮಾತ್ರ ಯಾರೂ ಇಲ್ಲ, ಯಾಕೆಂದರೆ ರಿಪೇರಿಯಲ್ಲಿ ಫೋಟೊ ಇಲ್ಲ.

ಮೃದಂಗವನ್ನೇ ತೆಗೆದುಕೊಳ್ಳಿ. ಬಲಗಡೆ ಮುಚ್ಚಿಗೆಯ, ಅಂದರೆ ಬಾಯಿಗೆ ಬಿಗಿದ ಚರ್ಮದ, ನಡುವೆ ಕಪ್ಪಗೆ ಕಾಣುವುದು ಕರಣೆ. ಅನ್ನದ ಜೊತೆ ಕಪ್ಪು ಅದಿರಿನ ಪುಡಿ ಅರೆದು, ಪದರದ ಮೇಲೆ ಪದರ ತೆಳ್ಳಗೆ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಉಜ್ಜಿ ಕೂರಿಸಿರುತ್ತಾರೆ. ದಿನಾ ಸಾಧನೆ ಮಾಡುವ ಹುಡುಗನ ಬೆರಳಿಗೆ ಅದು ತಿಂಗಳುಗಳಲ್ಲೇ ಬಿರುಕು ಬಿಟ್ಟು ಚೂರು ಚೂರಾಗಿ ಉದುರತೊಡಗುತ್ತದೆ. ಆಗ ಬಾರು ಎಷ್ಟು ಬಿಗಿದರೂ ಶ್ರುತಿ ನಿಲ್ಲುವುದಿಲ್ಲ. 'ಣಂ' ಎಂದು ಉಳಿಯಬೇಕಾದ ನಾದ 'ಟಪ್' ಎಂದು ಸತ್ತುಹೋಗುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಇನ್ನೂ ಜೋರಾಗಿ ಹೊಡೆಯುತ್ತದೆ, ಮುಚ್ಚಿಗೆ ಇನ್ನೂ ಬೇಗ ಹಾಳಾಗುತ್ತದೆ. ಎಡಗಡೆಯ ಕಥೆ ಬೇರೆ. ಬಾರಿಸುವ ಮುಂಚೆ ರವೆ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯಬೇಕು. ತೆಗೆಯದೆ ಮೂಲೆಗಿಟ್ಟರೆ ಹುಳಕ್ಕೂ ಇಲಿಗೂ ಹಬ್ಬ. ಹಾಗಾಗಿ ಮೃದಂಗಕ್ಕೆ ದುಡ್ಡು ಎತ್ತುವವರು ವರ್ಷಕ್ಕೊಂದು ಸಲವಾದರೂ ಬಲಗಡೆ ಮುಚ್ಚಿಗೆ ಕಟ್ಟಿಸುವ ಖರ್ಚನ್ನು ಮೊದಲೇ ತೆಗೆದಿಡಬೇಕು. ಹೊಸ ಮೃದಂಗ ಒಂದನ್ನು ಕೊಟ್ಟು ಕೈತೊಳೆದುಕೊಂಡರೆ ಎರಡನೇ ವರ್ಷ ಅದು ಮನೆಯಲ್ಲಿ ಸ್ಟೂಲಾಗುತ್ತದೆ.

ವೀಣೆಗೆ 24 ಮೆಟ್ಟಿಲು. ಅವನ್ನು ಕಪ್ಪು ಮೇಣದಲ್ಲಿ ಕೂರಿಸಿರುತ್ತಾರೆ, ಆ ಕೆಲಸಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಮೇಣ ಬಿಸಿಲಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿದ ಕಾರಿನಲ್ಲೋ ಶೀಟಿನ ಮನೆಯಲ್ಲೋ ವೀಣೆ ಉಳಿದರೆ ಮೆಟ್ಟಿಲು ಕೂದಲೆಳೆಯಷ್ಟು ಜರುಗುತ್ತದೆ, ಸ್ವರ ತಪ್ಪುವುದಕ್ಕೆ ಅಷ್ಟು ಸಾಕು. ಹೊಸಬರ ಕಿವಿ ಅದನ್ನು ಹಿಡಿಯುವುದಿಲ್ಲ, ತಪ್ಪು ಸ್ವರವೇ ಅಭ್ಯಾಸವಾಗಿಬಿಡುತ್ತದೆ. ವೀಣೆ ಶೇಷಣ್ಣನವರ ಊರಲ್ಲಿ ಹೀಗಾಗಬಾರದು.

ಪಿಟೀಲಿನ ಸಮಸ್ಯೆ ಅಳತೆಯದು. ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಅಳತೆಗಳಿವೆ. ಎಂಟು ವರ್ಷದ ಹುಡುಗಿಗೆ ಅರ್ಧ ಅಳತೆಯದು ಹಿಡಿಸಿದರೆ ಹನ್ನೊಂದಕ್ಕೆ ಅವಳಿಗದು ಆಟಿಕೆ. ಪ್ರತಿ ಮನೆಯೂ ಎರಡು ಮೂರು ಪಿಟೀಲು ಕೊಳ್ಳುವುದು ದಂಡ. ಸಣ್ಣ ಅಳತೆಯವನ್ನು ಒಂದು ಕಡೆ ಇಟ್ಟುಕೊಂಡು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವುದು ಉತ್ತಮ. ನಮ್ಮ ದುಡ್ಡಿನ ದೊಡ್ಡ ಪಾಲನ್ನು ಇದಕ್ಕೇ ಇಟ್ಟೆವು. ಅದೇ ಸರಿ ಅಂತ ಈಗಲೂ ಅನ್ನಿಸುತ್ತದೆ.

ಎಳೆಯ ಸಂಗೀತಗಾರರು ಎಂದ ತಕ್ಷಣ ಸಭಾ ಸಂಗೀತ ಮಾತ್ರ ಕಣ್ಣ ಮುಂದೆ ಬರುವುದು ನಮ್ಮ ಮೈಸೂರಿಗರ ಹಳೇ ಚಾಳಿ. ಮಂಡ್ಯ ಕಡೆ ತಮಟೆ ಬಾರಿಸುವ, ಕಂಸಾಳೆ ಹಿಡಿಯುವ ಹುಡುಗರಿದ್ದಾರೆ, ಮಳವಳ್ಳಿ ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮನೆಗಳಲ್ಲಿ ತಂಬೂರಿ ಕಲಿಯುವವರಿದ್ದಾರೆ. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು, ಮಳೆಗಾಲದಲ್ಲಿ ಅದು ಪದೇ ಪದೇ ತಣ್ಣಗಾಗುತ್ತದೆ. ಆದ್ದರಿಂದಲೇ ಎಷ್ಟೋ ತಂಡಗಳು ಫೈಬರ್ ಮುಚ್ಚಿದ ತಮಟೆಗೆ ಹೋಗಿವೆ. ಯಾವುದು ಬೇಕು ಅಂತ ಅವರನ್ನೇ ಕೇಳಬೇಕು. "ಜಾನಪದ ಉಳಿಸುತ್ತೇವೆ" ಎಂದು ಚರ್ಮದ್ದನ್ನೇ ಹೊರಿಸುವುದು ನಮ್ಮ ಕೆಲಸವಲ್ಲ.

ಒಂದು ಪುಟ್ಟ ಲೆಕ್ಕ ಇಲ್ಲೇ ಹೇಳಿಬಿಡಬೇಕು. ಹಳ್ಳಿಯಿಂದ ಮೈಸೂರಿಗೆ ಪಾಠಕ್ಕೆ ಬರುವ ಮಕ್ಕಳ ಬಸ್ ಖರ್ಚನ್ನು ಎಲ್ಲರಿಗೂ ಒಂದೇ ಸಮ ಹಾಕಲು ಹೊರಟಿದ್ದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಆ ಬಾಬತ್ತು ಹುಡುಗರಿಗೆ ಮಾತ್ರ ಸಾಕಾಯಿತು, ಉಳಿದದ್ದು ತಂತಿಗೆ ಹೋಯಿತು.

ಮಕ್ಕಳನ್ನು ಆರಿಸುವಾಗ ಸ್ಪರ್ಧೆಯ ಬಹುಮಾನ ನೋಡಬೇಡಿ. ಬಹುಮಾನ ಬಂದಿರುವವರ ಬಳಿ ಒಳ್ಳೆಯ ವಾದ್ಯ ಆಗಲೇ ಇರುತ್ತದೆ. ಒಬ್ಬರೇ ಗುರುಗಳ ಮಾತಿನ ಮೇಲೂ ನಿಲ್ಲಬೇಡಿ, ಕಡಿಮೆ ಎಂದರೂ ಮೂವರನ್ನು ಕೇಳಿ. ನಾವು ಕೇಳಿದ್ದು ಎರಡೇ ಪ್ರಶ್ನೆ: "ಎರಡು ವರ್ಷದಿಂದ ಬಿಡದೆ ಪಾಠಕ್ಕೆ ಬರುತ್ತಿರುವವರು ಯಾರು? ಅವರಲ್ಲಿ ಯಾರ ವಾದ್ಯ ಕೆಟ್ಟಿದೆ?"

ದುಡ್ಡಿನ ದಾರಿ

ವಾದ್ಯದ ಪಟ್ಟಿ ಸಿಕ್ಕ ಮೇಲೆ, ಅವನ್ನು ಕಟ್ಟುವವರ, ಮಾರುವವರ ಬಳಿ ಬರಹದಲ್ಲಿ ದರ ತೆಗೆದುಕೊಳ್ಳಿ. ಒಟ್ಟು ಮೊತ್ತ ಕೂಡಿ, ಅದನ್ನು ಕಿಲೋಮೀಟರಿಗೆ ಹಂಚಿ. ಲೆಕ್ಕದ ಬಗೆ ಹೀಗೆ: 30 ಸವಾರರು, ಒಬ್ಬೊಬ್ಬರಿಗೂ ಹತ್ತು ದಾನಿಗಳು, ಪ್ರತಿ ದಾನಿ ಕಿಲೋಮೀಟರಿಗೆ 5 ರೂಪಾಯಿ. ಒಬ್ಬ ದಾನಿಯಿಂದ 500, ಒಬ್ಬ ಸವಾರನಿಂದ 5,000, ಒಟ್ಟು 1,50,000. ಕಾಗದದ ಮೇಲೆ ಇಷ್ಟು ಬಂತು ಅಂತ ಇಷ್ಟಕ್ಕೂ ವಾದ್ಯ ಆರ್ಡರ್ ಮಾಡಬೇಡಿ. ಸವಾರ ಎಪ್ಪತ್ತಕ್ಕೇ ನಿಂತರೆ ದುಡ್ಡೂ ಎಪ್ಪತ್ತರಷ್ಟೇ, ಇನ್ನು ಕೆಲವರು ಮರೆಯುತ್ತಾರೆ. ನಾಲ್ಕರಲ್ಲಿ ಮೂರು ಪಾಲು ಎಂದು ಹಿಡಿದು ಯೋಜನೆ ಹಾಕಿದರೆ ನಿದ್ದೆ ಬರುತ್ತದೆ.

'ಕಿಲೋಮೀಟರಿಗಿಷ್ಟು' ಅನ್ನುವುದಕ್ಕಿಂತ 'ವಸ್ತುವಿಗಿಷ್ಟು' ಅನ್ನುವುದು ನಮ್ಮ ಕಡೆ ಚೆನ್ನಾಗಿ ನಡೆಯಿತು. "ಅಣ್ಣ, ನೀವು ಒಂದು ಮುಚ್ಚಿಗೆ ಹಾಕಿಸ್ತೀರಾ, ಒಂದು ಸೆಟ್ ತಂತಿ ಹಾಕಿಸ್ತೀರಾ?" ಅಂತ ಕೇಳಿದರೆ ಮಂಡಿಯ ವ್ಯಾಪಾರಿಗೆ ತಕ್ಷಣ ಅರ್ಥವಾಗುತ್ತದೆ. ಚೌಕಾಸಿ ಮಾಡುವವರೂ ಇದ್ದಾರೆ, ಅದೂ ಒಂದು ಮಾತುಕತೆಯೇ.

ಎರಡು ಹುಂಡಿ ಬೇರೆ ಬೇರೆ ಇರಲಿ. ಸವಾರರು ಕಟ್ಟುವ ಪ್ರವೇಶ ಶುಲ್ಕದಿಂದ ಬಾಳೆಹಣ್ಣು, ನೀರು, ವ್ಯಾನಿನ ಡೀಸೆಲ್, ಬ್ಯಾನರ್ ಎಲ್ಲ ಆಗಬೇಕು. ದಾನದ ದುಡ್ಡು ವಾದ್ಯಕ್ಕೆ ಮಾತ್ರ. "ನಮ್ಮ ದುಡ್ಡಲ್ಲೇ ಟೀ-ಶರ್ಟು ಹೊಲಿಸಿದ್ರಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಪುಸ್ತಕ ತೆಗೆದು ತೋರಿಸಬಹುದು.

ದಾನ ಹೋಗಬೇಕಾದದ್ದು ನೋಂದಾಯಿತ ಟ್ರಸ್ಟಿನ ಬ್ಯಾಂಕ್ ಖಾತೆಗೆ, ಯಾರದೋ ಸ್ವಂತ ಯುಪಿಐಗಲ್ಲ. ಉತ್ಸಾಹದಲ್ಲಿ ಒಬ್ಬ ಹುಡುಗ ತನ್ನ ಕ್ಯೂಆರ್ ಕೋಡನ್ನೇ ಗುಂಪಿಗೆ ಹಾಕಿಬಿಟ್ಟರೆ ಆಮೇಲೆ ಯಾವುದು ದಾನ, ಯಾವುದು ಅವನ ಅತ್ತೆ ಕಳಿಸಿದ ಹಬ್ಬದ ದುಡ್ಡು ಎಂದು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಜನ ಇನ್ನೂ 80ಜಿ ಎಂದೇ ಕರೆಯುವ ತೆರಿಗೆ ರಿಯಾಯಿತಿ ಬೇಕೆನ್ನುವವರಿಂದ ಪ್ಯಾನ್ ನಂಬರು, ವಿಳಾಸ ಅವತ್ತೇ ಬರೆಸಿಕೊಳ್ಳಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ರಿಯಾಯಿತಿ ಸಿಗುವುದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ಹೊರದೇಶದ ಪೌರತ್ವ ಇರುವ ನೆಂಟರು, ಅವರ ಗೆಳೆಯರು ದುಡ್ಡು ಕಳಿಸುತ್ತೇನೆಂದರೆ ನಿಲ್ಲಿಸಿ. ವಿದೇಶಿ ದೇಣಿಗೆಗೆ, ಅದನ್ನು ನಿಯಂತ್ರಿಸುವ ಕಾನೂನಾದ ಎಫ್‌ಸಿಆರ್‌ಎ ನೋಂದಣಿಯೋ ಮುಂಗಡ ಅನುಮತಿಯೋ ಬೇಕು, ಎರಡೂ ಇಲ್ಲದ ಟ್ರಸ್ಟು ಅಂಥ ದುಡ್ಡು ಮುಟ್ಟುವಂತಿಲ್ಲ.

ರಸ್ತೆ

ತಿಂಗಳು ಆರಿಸುವಾಗ ಎಲ್ಲರೂ ಚಳಿಗಾಲ ಎನ್ನುತ್ತಾರೆ. ಸರಿಯೇ, ಆದರೆ ಡಿಸೆಂಬರ್, ಜನವರಿಯಲ್ಲಿ ಈ ಕಡೆ ಒಕ್ಕಣೆ. ಕಣ ಮಾಡುವ ಜಾಗ ಕಡಿಮೆಯಾಗಿ ರೈತರು ರಾಗಿ, ಹುರುಳಿಯನ್ನು ಟಾರು ರಸ್ತೆ ಮೇಲೇ ಹರಡುತ್ತಾರೆ, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಲಿ ಅಂತ. ಕಾರಿನವರಿಗೆ ಅದು ಮೆತ್ತನೆಯ ಹಾಸಿಗೆ. ಸೈಕಲ್ಲಿಗೆ ಅಪಾಯ. ಹುರುಳಿ ಬಳ್ಳಿ ಹಿಂದಿನ ಗೇರಿನೊಳಗೆ ಸುತ್ತಿಕೊಂಡರೆ ಚೈನು ಸರಿಸುವ ಡಿರೇಲರ್ ಚಕ್ರದ ಕಡ್ಡಿಗಳೊಳಕ್ಕೆ ಹೋಗಿ ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ, ಅಲ್ಲಿಗೆ ಆ ದಿನದ ಸವಾರಿ ಮುಗಿಯಿತು. ಹಾಸಿಗೆಯ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ದೂರದಿಂದಲೇ ವೇಗ ಇಳಿಸಿ, ಪೆಡಲು ನಿಲ್ಲಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು ಉರುಳಿಕೊಂಡು ದಾಟಬೇಕು. ದಾಟಲಾಗದಷ್ಟು ದಪ್ಪಗಿದ್ದರೆ ಇಳಿದು ತಳ್ಳಿ. ದಾಟಿದ ಮೇಲೆ ನಿಂತು ಗೇರಿನ ಸಣ್ಣ ಚಕ್ರಗಳಿಗೆ ಸುತ್ತಿದ ಎಳೆ ಕಿತ್ತು ಹಾಕಿ. ಮತ್ತೆ, ಅದು ಅವರ ಅನ್ನ. "ರಸ್ತೆ ನಿಮ್ಮಪ್ಪಂದಾ" ಎಂದು ಜಗಳಕ್ಕೆ ಹೋಗುವ ಸವಾರನನ್ನು ಮುಂದಿನ ವರ್ಷ ಕರೆಯಬೇಡಿ.

ಕಬ್ಬಿನ ಟ್ರ್ಯಾಕ್ಟರು ಇನ್ನೊಂದು. ಎರಡು ಟ್ರೇಲರ್ ಎಳೆಯುತ್ತದೆ, ಎರಡನೆಯದು ತಿರುವಿನಲ್ಲಿ ಒಳಕ್ಕೆ ಕೊಯ್ಯುತ್ತದೆ, ಹಿಂದೆ ಕೆಂಪು ದೀಪ ಇದ್ದರೆ ಅದೃಷ್ಟ. ಪಕ್ಕಕ್ಕೆ ಒಂದು ಮಾರು ಚಾಚಿದ ಕಬ್ಬಿನ ತುದಿ ಮುಖಕ್ಕೇ ಬರುತ್ತದೆ. ಎಡಗಡೆಯಿಂದ ನುಸುಳುವ ಯೋಚನೆ ಬೇಡವೇ ಬೇಡ. ಬಿದ್ದ ಜಲ್ಲೆಯ ಮೇಲೆ ಓರೆಯಾಗಿ ಚಕ್ರ ಹತ್ತಿಸಿದರೆ ಅದು ಉರುಳಿ ಬೀಳಿಸುತ್ತದೆ, ನೇರವಾಗಿ ಅಡ್ಡಹಾಯಬೇಕು.

ಏರಿಳಿತದ ಲೆಕ್ಕ ಬಹಳ ಜನಕ್ಕೆ ಮೋಸ ಮಾಡುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ತಿ. ನರಸೀಪುರ ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ವರುಣ ದಾಟಿ ಮೊದಲ ಮೂವತ್ತು ಕಿಲೋಮೀಟರ್ ಒಟ್ಟಾರೆ ಇಳಿಜಾರು. ಹೊಸಬರು ಅಲ್ಲಿ 28ರ ವೇಗದಲ್ಲಿ ಹಾರಿ, "ಇಷ್ಟೇನಾ?" ಎನ್ನುತ್ತಾರೆ. ಶ್ರೀರಂಗಪಟ್ಟಣ ಸುಮಾರು 680 ಮೀಟರ್. ಅಲ್ಲಿಂದ ಮೈಸೂರಿಗೆ ಕೊನೆಯ ಹದಿನೈದು ಕಿಲೋಮೀಟರ್, ನೆತ್ತಿಯ ಮೇಲೆ ಬಿಸಿಲು ಬಂದಾಗ, ಕಾಲಲ್ಲಿ ಶಕ್ತಿ ಇಲ್ಲದಾಗ, ಎಂಬತ್ತು ಮೀಟರ್ ಏರು. ಕಣ್ಣಿಗೆ ಏರೆಂದು ಕಾಣುವುದೂ ಇಲ್ಲ. ಬೆಳಿಗ್ಗೆ ಹಾರಿದವರು ಇಲ್ಲಿ ವ್ಯಾನು ಹತ್ತುತ್ತಾರೆ. ಮೊದಲ ಮೂವತ್ತರಲ್ಲಿ 20ರ ಮೇಲೆ ಹೋಗಬೇಡಿ ಅಂತ ತಂಡದ ಮುಂದಾಳುಗಳಿಗೆ ಹೇಳಿಟ್ಟಿದ್ದು ಉಪಯೋಗಕ್ಕೆ ಬಂತು.

ಶ್ರೀರಂಗಪಟ್ಟಣದಿಂದ ಹತ್ತಿರದ ದಾರಿ ಅಂತ ಹೆದ್ದಾರಿಯ ಮುಖ್ಯ ಪಥಕ್ಕೆ ಏರುವಂತಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆ ಸೈಕಲ್ಲಿಗೂ ನಿಷೇಧ. ಸರ್ವಿಸ್ ರಸ್ತೆಯೇ ಗತಿ, ಅಲ್ಲಿ ಎದುರಿನಿಂದ ಬರುವ ಸ್ಕೂಟರುಗಳದೇ ರಾಜ್ಯ. ಒಬ್ಬರ ಹಿಂದೊಬ್ಬರು, ಎಡಕ್ಕೆ, ಮಾತಿಲ್ಲದೆ ಹೋಗಿ.

ಈ ಸುತ್ತು ಮೂರು ಪೊಲೀಸ್ ವ್ಯಾಪ್ತಿ ದಾಟುತ್ತದೆ: ಮೈಸೂರು ನಗರ, ಮೈಸೂರು ಜಿಲ್ಲೆ, ಮಂಡ್ಯ ಜಿಲ್ಲೆ. ಮೂರೂ ಕಡೆ ಪತ್ರ ಕೊಡಬೇಕು. ಒಂದು ಕಡೆ ಕೊಟ್ಟು "ಅವರೇ ತಿಳಿಸ್ತಾರೆ" ಅಂದುಕೊಂಡರೆ ಗಡಿಯ ಠಾಣೆಯಲ್ಲಿ ನಿಲ್ಲಿಸಿ ಕೇಳುತ್ತಾರೆ, ಕೇಳುವುದು ಅವರ ಹಕ್ಕು. ಪತ್ರದಲ್ಲಿ ದಿನಾಂಕ, ಹೊರಡುವ ಹೊತ್ತು, ಪ್ರತಿ ಊರು ತಲುಪುವ ಹೊತ್ತು, ಸವಾರರ ಸಂಖ್ಯೆ, ವ್ಯಾನುಗಳ ನಂಬರು, ಇಬ್ಬರ ಫೋನ್ ನಂಬರು ಬರೆದು, ಇದು ರೇಸೂ ಅಲ್ಲ ಮೆರವಣಿಗೆಯೂ ಅಲ್ಲ, ರಸ್ತೆ ತಡೆಯುವುದಿಲ್ಲ ಎಂದು ಸ್ಪಷ್ಟಪಡಿಸಿ. ತಿ. ನರಸೀಪುರದಲ್ಲಿ ಕುಂಭಮೇಳ ಇರುವ ವರ್ಷ ಆ ದಿನಗಳ ಹತ್ತಿರ ಸುಳಿಯಬೇಡಿ.

ಸೈಕಲ್ಲು ಮತ್ತು ಬೆರಳು

ದುಬಾರಿ ಸೈಕಲ್ ಬೇಕಿಲ್ಲ. ಗೇರಿರುವ ಹೈಬ್ರಿಡ್ಡು, ಸರಿಯಾಗಿ ಎಣ್ಣೆ ಕಂಡ ಚೈನು, ಹಿಡಿಯುವ ಬ್ರೇಕು ಇದ್ದರೆ ಆಯಿತು. ಗೇರಿಲ್ಲದ ಅಟ್ಲಾಸ್ ನಮೂನೆಯ ಸೈಕಲ್ಲಿನಲ್ಲೂ ಈ ಸುತ್ತು ಮುಗಿಸಬಹುದು, ಹೊತ್ತು ಹಿಡಿಯುತ್ತದೆ ಅಷ್ಟೆ. ಸೀಟಿನ ಎತ್ತರ ಮಾತ್ರ ಎಲ್ಲರೂ ತಪ್ಪು ಇಟ್ಟುಕೊಂಡಿರುತ್ತಾರೆ, ತೀರಾ ತಗ್ಗಿಗೆ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಮಂಡಿ ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಹೀಗೆ ಏರಿಸಿದ ಮೊದಲ ವಾರ ಎಲ್ಲರೂ "ಕಾಲು ನೆಲಕ್ಕೆ ಎಟುಕಲ್ಲ" ಎಂದು ಗೊಣಗುತ್ತಾರೆ, ಎರಡನೇ ವಾರ ಮಂಡಿನೋವು ಹೋಗಿರುತ್ತದೆ.

ಪಂಚರಿನ ಬಗ್ಗೆ ಒಂದು ಮಾತು. ದಾರಿಯುದ್ದಕ್ಕೂ ಪಂಚರ್ ಅಂಗಡಿಗಳಿವೆ ಎಂಬ ಧೈರ್ಯ ಅರ್ಧ ಸತ್ಯ. ತೆಳ್ಳಗಿನ ಪ್ರೆಸ್ಟಾ ವಾಲ್ವಿನ ಟ್ಯೂಬಿಗೆ ಅವರ ಕಂಪ್ರೆಸರ್ ಬಾಯಿ ಕೂರುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿರಲಿ. ಗಾಳಿ 32 ಮಿಲಿಮೀಟರ್ ಟೈರಿಗೆ, ಎಪ್ಪತ್ತು ಕೆ.ಜಿ. ತೂಕದವರಿಗೆ, 65 ಪಿಎಸ್‌ಐ ಆಸುಪಾಸು ಸಾಕು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತಿದ್ದರೆ ಹಾವು ಕಚ್ಚಿದ ಗುರುತು, ಅಂದರೆ ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ರಿಮ್ಮು ಕಚ್ಚಿದೆ. ತೂತು ಒಂದೇ ಇದ್ದು ಹೊರಮುಖಕ್ಕಿದ್ದರೆ ಮುಳ್ಳು. ಹೊಸ ಟ್ಯೂಬ್ ಹಾಕುವ ಆತುರದಲ್ಲಿ ಜಾಲಿ ಮುಳ್ಳಿನ ತುದಿ ಟೈರಿನಲ್ಲೇ ಉಳಿದರೆ ಎರಡು ಕಿಲೋಮೀಟರಿಗೆ ಮತ್ತೆ ಟುಸ್. ಟೈರಿನ ಒಳಗೆ ಬೆರಳಿನ ಬದಲು ಹತ್ತಿ ಆಡಿಸಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಒಬ್ಬೊಬ್ಬರ ಬಳಿ ಎರಡು ಟ್ಯೂಬು, ಎರಡು ಟೈರ್ ಲಿವರು, ಪಂಪು, 4, 5, 6 ಮಿಲಿಮೀಟರ್ ಅಲೆನ್ ಕೀ. ವ್ಯಾನಿನಲ್ಲಿ ಚೈನ್ ಟೂಲು, ತುಂಡಾದ ಚೈನು ಜೋಡಿಸುವ 8, 9, 10 ಸ್ಪೀಡಿನ ಕ್ವಿಕ್ ಲಿಂಕು, ಬ್ರೇಕ್ ಶೂ, ಕಡ್ಡಿ.

ಕೈಯ ವಿಷಯ ಬೇರೆ ಸೈಕಲ್ ಗುಂಪುಗಳು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ, ನಾವು ಹಚ್ಚಿಕೊಳ್ಳಲೇಬೇಕಿತ್ತು. ತುಳಿಯುವವರಲ್ಲಿ ಪಿಟೀಲು, ವೀಣೆ, ಮೃದಂಗ ನುಡಿಸುವ ದೊಡ್ಡ ವಿದ್ಯಾರ್ಥಿಗಳೂ ಇದ್ದರು. ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಭಾರ ಹಾಕಿದರೆ ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆ ಹಾದುಹೋಗುವ ನರ ಒತ್ತಿಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳಿನ ಅರ್ಧ ಜೋಮು ಹಿಡಿಯುತ್ತದೆ. ಸಾಮಾನ್ಯರಿಗೆ ಅದು ಸಂಜೆಯೊಳಗೆ ಹೋಗುವ ಕಿರಿಕಿರಿ. ಪಿಟೀಲಿನವರಿಗೆ ಎಡಗೈಯ ಆ ಎರಡು ಬೆರಳೇ ಬಂಡವಾಳ, ದಿನಗಟ್ಟಲೆ ಉಳಿದರೆ ಪರೀಕ್ಷೆಯೇ ಹೋಯಿತು. ಕಾರಣ ಸಾಮಾನ್ಯವಾಗಿ ಸೀಟಿನ ಮೂತಿ ಕೆಳಮುಖವಾಗಿರುವುದು. ಮೈ ಮುಂದಕ್ಕೆ ಜಾರುತ್ತದೆ, ಕೈ ತಡೆಯುತ್ತದೆ. ಸೀಟನ್ನು ಸಮತಟ್ಟು ಮಾಡಿ, ಹ್ಯಾಂಡಲ್ ಒಂದೆರಡು ಅಂಗುಲ ಏರಿಸಿ, ಮೆತ್ತೆಯ ಕೈಗವಸು ಹಾಕಿ, ಮಣಿಕಟ್ಟು ಹಿಂದಕ್ಕೆ ಬಾಗದಂತೆ ಹಿಡಿದು, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಜೋಮು ಶುರುವಾದರೆ ಸಹಿಸಿಕೊಂಡು ಮುಗಿಸುವ ಹಟ ಬೇಡ. ಮುಂದಿನ ತಿಂಗಳು ವಿದ್ವತ್ ಪರೀಕ್ಷೆಯೋ ಕಚೇರಿಯೋ ಇರುವವರು ತುಳಿಯದಿರುವುದೇ ಲೇಸು. ಬಿದ್ದಾಗ ಮನುಷ್ಯ ಮೊದಲು ಕೈಯನ್ನೇ ಊರುತ್ತಾನೆ. ಹಾಡುವವರು ಮಂಜಿನ ಹೊತ್ತಿನಲ್ಲಿ ಮೂಗು ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಲಿ.

ತಯಾರಿಯ ಹತ್ತು ವಾರದಲ್ಲಿ ಭಾನುವಾರದ ದೊಡ್ಡ ಸವಾರಿ 25, 30, 38, 45ಕ್ಕೆ ಏರಿ, ಐದನೇ ವಾರ 35ಕ್ಕೆ ಇಳಿದು, ಮತ್ತೆ 55, 65, 75, ಒಂಬತ್ತನೇ ವಾರ 40. ಕೊನೆಯ ವಾರ ಎರಡು ಪುಟ್ಟ ಸುತ್ತು, ಸಾಕು. ನಡುವಾರ ಎರಡು ದಿನ ಒಂದೊಂದು ಗಂಟೆ. ಮೈಸೂರಿನ ಹೊರವರ್ತುಲ ರಸ್ತೆ ಒಂದು ಸುತ್ತು ಸುಮಾರು 42 ಕಿಲೋಮೀಟರ್, ಅಳತೆಗೆ ಅನುಕೂಲ. ಬೆಟ್ಟ ಹತ್ತುವ ಹುಚ್ಚಿದ್ದವರು ಚಾಮುಂಡಿಗೆ ಹೋಗಲಿ. ಈ ಸುತ್ತಿಗೆ ಅದು ಬೇಕೇ ಬೇಕೆಂದಿಲ್ಲ.

ಆ ದಿನ

ಜನವರಿಯಲ್ಲಿ ಮೈಸೂರಿನ ಸೂರ್ಯೋದಯ ಆರೂಮುಕ್ಕಾಲಿನ ಆಸುಪಾಸು. ಅದಕ್ಕೂ ಮುಂಚೆ ಹೊರಡುವ ಚಪಲ ಬೇಡ, ಕಾವೇರಿ ಬಯಲಿನ ಮಂಜಿನಲ್ಲಿ ಲಾರಿಯವರಿಗೆ ಸೈಕಲ್ ಕಾಣುವುದಿಲ್ಲ. ಎಂಟೆಂಟು ಜನರ ತಂಡ, ಐದು ನಿಮಿಷ ಅಂತರ, ಎಲ್ಲರ ಹಿಂದೆ ಒಬ್ಬ ಕೊನೆಯಾಳು. ಅವನನ್ನು ದಾಟಿ ಹಿಂದೆ ಯಾರೂ ಉಳಿಯಬಾರದು. ಹೆಲ್ಮೆಟ್ ಇಲ್ಲದವರಿಗೆ ನಂಬರ್ ಚೀಟಿ ಇಲ್ಲ. ಚೀಟಿಯ ಹಿಂದೆ ರಕ್ತದ ಗುಂಪು, ಮನೆಯವರ ನಂಬರು. ಹದಿನೆಂಟಾಗದವರಿಗೆ ಅಪ್ಪ ಅಮ್ಮನ ಸಹಿ.

ಊಟತಿಂಡಿಗೆ ಪ್ಯಾಕೆಟ್ಟಿನ ಜೆಲ್ ಯಾರಿಗೆ ಬೇಕು? ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಶರ್ಕರಪಿಷ್ಟ ಸಿಕ್ಕರೆ ಕಾಲು ನಡೆಯುತ್ತದೆ. ಒಂದು ಪಚ್ಚಬಾಳೆ ಹಣ್ಣು, ಒಂದು ಕಡ್ಲೆಮಿಠಾಯಿ, ನಡುನಡುವೆ ಬೆಲ್ಲದ ಚೂರು ಆ ಲೆಕ್ಕಕ್ಕೆ ಸರಿಹೋಗುತ್ತದೆ. ಹಸಿವಾಗುವ ಮೊದಲೇ ತಿನ್ನಬೇಕು. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಳೆದದ್ದು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದುಕೊಂಡವರು ಬನ್ನೂರಿನಲ್ಲಿ ಹೊಟ್ಟೆ ಹಿಡಿದು ಕೂರುತ್ತಾರೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಉಪ್ಪಿನಂಶ ಕಡಿಮೆ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ನೀರಿನ ನಿಲುಗಡೆ ತಿರುಮಕೂಡಲು, ಬನ್ನೂರು, ಅರಕೆರೆ, ಶ್ರೀರಂಗಪಟ್ಟಣ. ಸೋಮನಾಥಪುರದಲ್ಲಿ ಸ್ಮಾರಕದ ಅಂಗಳವನ್ನು ಕಾರ್ಯಕ್ರಮಕ್ಕೆ ಬಳಸುವ ಯೋಚನೆ ಬೇಡ. 1258ರ ಗುಡಿ, ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ, ಹೊರಗಿನಿಂದಲೇ ಕೈಮುಗಿದು ಮುಂದೆ ಹೋಗಿ.

ಮಕ್ಕಳ ಸಂಗೀತವನ್ನು ದಾರಿಯಲ್ಲಿ ಇಡಬೇಕೆಂದು ಮೊದಲು ಎಲ್ಲರಿಗೂ ಆಸೆ. ಹೊಳೆದಂಡೆಯ ಮಂಜಿನಲ್ಲಿ ಮೃದಂಗದ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ, ಪಿಟೀಲಿನ ತಂತಿ ಜರುಗುತ್ತದೆ, ಎಂಟು ಗಂಟೆಗೆ ಬರಬೇಕಾದ ತಂಡ ಒಂಬತ್ತಕ್ಕೆ ಬರುತ್ತದೆ, ಮಕ್ಕಳು ಹಸಿದು ಕೂತಿರುತ್ತಾರೆ. ಸಂಜೆ ಮೈಸೂರಿನಲ್ಲಿ, ಎಲ್ಲರೂ ಸ್ನಾನ ಮಾಡಿ ಬಂದ ಮೇಲೆ, ಒಂದು ಗಂಟೆ ನುಡಿಸಲಿ. 'ದಾನಿಗಳಿಗೆ ಧನ್ಯವಾದ ಹೇಳಿ ಪುಟ್ಟಿ' ಎಂದು ಮೈಕು ಮುಂದೆ ಹಿಡಿಯುವ ಪದ್ಧತಿ ನಮಗೆ ಒಗ್ಗಲಿಲ್ಲ. ಅವರು ಕಲಾವಿದರಾಗಿ ಬಂದಿರುತ್ತಾರೆ.

ಒಂದೂವರೆಗೆ ಗಡಿ. ಅಷ್ಟರಲ್ಲಿ ಶ್ರೀರಂಗಪಟ್ಟಣ ದಾಟದವರು ವ್ಯಾನಿಗೆ. ಯಾರಾದರೂ ಬೆವರುವುದು ನಿಲ್ಲಿಸಿದರೆ, ಇಲ್ಲವೇ ಮಾತು ತೊದಲಿದರೆ ಗಡಿಯ ಮಾತಿಲ್ಲ, ನೆರಳಿಗೆ ಮಲಗಿಸಿ, ಮೈಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ.

ಆಮೇಲಿನ ಎರಡು ತಿಂಗಳು

ಮಾರನೆಯ ದಿನವೇ ಪ್ರತಿ ದಾನಿಗೂ ಸವಾರ ಎಷ್ಟು ಕಿಲೋಮೀಟರ್ ಮುಗಿಸಿದ, ಎಷ್ಟು ಕೊಡಬೇಕು, ಎಲ್ಲಿಗೆ ಕೊಡಬೇಕು ಎಂದು ಸಂದೇಶ ಹೋಗಬೇಕು. ವಾರ ಕಳೆದರೆ ಬಿಸಿ ಆರುತ್ತದೆ, ತಿಂಗಳು ಕಳೆದರೆ ಕೇಳಲು ನಾಚಿಕೆ. ಕೇಳುವವನು ಸವಾರನೇ ಆಗಿರಲಿ, ಟ್ರಸ್ಟಿನವರಲ್ಲ. ಮುಖ ನೋಡಿ ಒಪ್ಪಿದ ದುಡ್ಡು ಮುಖ ನೋಡಿಯೇ ಬರುತ್ತದೆ.

ಮುಚ್ಚಿಗೆ ಕಟ್ಟುವವರಿಗೆ, ವೀಣೆಯ ಕೆಲಸದವರಿಗೆ ಎಲ್ಲ ವಾದ್ಯ ಒಂದೇ ದಿನ ಹೊರಿಸಬೇಡಿ. ಒಂದು ಕರಣೆ ಹಚ್ಚುವ ಕೆಲಸ ಆತುರಕ್ಕೆ ಬಗ್ಗುವುದಿಲ್ಲ, ಅವಸರ ಮಾಡಿದರೆ ಒಣಗದ ಪದರ ಮೂರೇ ತಿಂಗಳಿಗೆ ಎದ್ದು ಬರುತ್ತದೆ. ಪರೀಕ್ಷೆ ಹತ್ತಿರವಿರುವ ಮಕ್ಕಳದು ಮೊದಲು, ಉಳಿದವರದು ಸರದಿಯಲ್ಲಿ. ವಾದ್ಯ ತಂದೊಪ್ಪಿಸಿದಾಗ ಗುರುಗಳೇ ಶ್ರುತಿ ಕೂಡಿಸಿ ಒಪ್ಪಿದ ಮೇಲೆ ದುಡ್ಡು ಕೊಡಿ.

ಎರವಲು ಪಿಟೀಲುಗಳ ಪುಸ್ತಕದಲ್ಲಿ ಪ್ರತಿ ವಾದ್ಯಕ್ಕೂ ಒಂದು ಪುಟ: ನಂಬರು, ಅಳತೆ, ಕೊಟ್ಟ ದಿನ, ಆಗಿನ ಸ್ಥಿತಿಯ ನಾಲ್ಕು ಫೋಟೊ, ಬಿಲ್ಲಿನ ಕೂದಲು ಹೇಗಿದೆ, ತಂತಿ ಹೊರುವ ಕುದುರೆ ನೆಟ್ಟಗಿದೆಯೇ. ವಾದ್ಯದ ಫೋಟೊ ಸಾಕು, ಮಗುವಿನದು ಬೇಡ. ತಂತಿಗಳಲ್ಲಿ ಎಲ್ಲಕ್ಕಿಂತ ಸಣ್ಣದು ಮಿಕ್ಕ ಮೂರಕ್ಕಿಂತ ಬೇಗ ಹೋಗುತ್ತದೆ, ಆದ್ದರಿಂದ ಪೂರ್ತಿ ಸೆಟ್ಟಿನ ಜೊತೆ ಆ ಒಂದು ತಂತಿ ಎರಡು ಹೆಚ್ಚಿಗೆ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇವೆ. ಶಾಲೆ ಶುರುವಾಗುವ ಜೂನ್‌ನಲ್ಲಿ ಪೆಟ್ಟಿಗೆಗಳೆಲ್ಲ ಒಮ್ಮೆ ವಾಪಸ್ ಬರುತ್ತವೆ. ಅಷ್ಟರಲ್ಲಿ ಕೆಲವು ಮಕ್ಕಳ ತೋಳು ಬೆಳೆದಿರುತ್ತದೆ. ಅರ್ಧದವರು ಮುಕ್ಕಾಲಿಗೆ ಹೋಗುತ್ತಾರೆ, ಕಾಲು ಅಳತೆಯದು ಹೊಸಬರಿಗೆ ಹೋಗುತ್ತದೆ, ಪುಟದ ಕೆಳಗೆ ಇನ್ನೊಂದು ಹೆಸರು ಸೇರುತ್ತದೆ. ಮುಕ್ಕಾಲು ಅಳತೆಯವು ಈ ಸಲ ಮೂರು ಕಡಿಮೆ ಬಿದ್ದಿವೆ, ಮುಂದಿನ ಜನವರಿಯ ಪಟ್ಟಿಯಲ್ಲಿ ಮೊದಲ ಸಾಲು ಅದೇ.